ಕನ್ನಡಕವಿಲ್ಲದವರ ದಾರ

ಜೂನ್ 3, ಸೋಮವಾರ

ಇವತ್ತು ನಮ್ಮ ಬೀದಿಯ ವರ್ತಕರ ಸಂಘದ ಸಭೆ. ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತವಳು ನಾನೇ ಆದರೂ ಅರ್ಧ ಗಮನವೆಲ್ಲ ಎಡಗೈ ಮೇಲೆತ್ತದಂತೆ ನೋಡಿಕೊಳ್ಳುವುದರಲ್ಲೇ ಹೋಯಿತು. ಎದೆಯ ಹೊಲಿಗೆ ಇನ್ನೂ ಎಳೆಯುತ್ತದೆ. ನನಗೆ ಕ್ಯಾನ್ಸರ್ ಎನ್ನುವುದಾಗಲಿ, ಆಪರೇಷನ್ ಆಯಿತೆನ್ನುವುದಾಗಲಿ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ತಂಗಿಯ ಮನೆಗೆ ಹೋಗಿದ್ದೆ ಎಂದು ಹೇಳಿದ್ದೇನೆ. ನಿಜ ಗೊತ್ತಿರುವುದು ಡಾಕ್ಟರಮ್ಮನಿಗೆ, ಮತ್ತು ನನ್ನ ಜೊತೆ ಅಂಗಡಿ ನೋಡಿಕೊಳ್ಳುವ ತಂಗಿಯ ಮಗಳಿಗೆ. ಮೂರನೆಯ ಕಿವಿಗೆ ಬೀಳಕೂಡದು ಎಂದು ಅವಳಿಂದ ಮಾತು ತೆಗೆದುಕೊಂಡಿದ್ದೇನೆ.

ಹಟಕ್ಕೆ ಕಾರಣವಿದೆ. ಅಪ್ಪ ಕಾಯಿಲೆ ಬಿದ್ದಾಗ ಇದೇ ಕನ್ನಡಕದ ಅಂಗಡಿಯಲ್ಲಿ ಕೂತು ನೋಡಿದ್ದೇನೆ. ಜನ ಬಾಗಿಲವರೆಗೆ ಬಂದು, ಕತ್ತು ಓರೆ ಮಾಡಿ, "ಅಯ್ಯೋ ಪಾಪ" ಎಂದು, ಕನ್ನಡಕ ಮಾಡಿಸಲು ಮಾತ್ರ ಪಕ್ಕದ ಬೀದಿಗೆ ಹೋಗುತ್ತಿದ್ದರು. ನಾಳೆ ಇರುತ್ತಾರೋ ಇಲ್ಲವೋ ಎನ್ನುವವರ ಕೈಗೆ ಮುಂಗಡ ಕೊಡುವವರು ಯಾರು? ಅವರನ್ನು ಬೈಯಲಾರೆ. ಆದರೆ ಆ "ಅಯ್ಯೋ ಪಾಪ" ನನಗೆ ಬೇಡ. ಚಿಕಿತ್ಸೆ ಮುಗಿಯುವವರೆಗೆ ಅಂಗಡಿಯೂ ನಿಲ್ಲಬೇಕು, ಗುಟ್ಟೂ ನಿಲ್ಲಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಸಭೆಯಲ್ಲಿ ಸಂಘದ ಐವತ್ತನೇ ವರ್ಷಕ್ಕೆ ಏನು ಮಾಡುವುದೆಂಬ ಮಾತು ಬಂತು. ನನ್ನ ಪಕ್ಕದಂಗಡಿಯ ಬಣ್ಣದ ಯಜಮಾನರು ಎರಡು ವರ್ಷದಿಂದ ಬೀದಿಯ ಬಾಯಿಗೆ ಒಂದು ಕಮಾನು ಕಟ್ಟಿಸಬೇಕೆಂದು ಜಪ ಮಾಡುತ್ತಿದ್ದಾರೆ. ಬಣ್ಣ ಅವರದೇ, ಬೋರ್ಡಿನಲ್ಲಿ ಮೊದಲ ಹೆಸರೂ ಅವರದೇ ಎನ್ನುವುದು ಎಲ್ಲರಿಗೂ ಗೊತ್ತು. ಅವರು ಬಾಯಿ ತೆರೆಯುವ ಮೊದಲೇ ಬೀದಿಯ ಕೊನೆಯ ಬೇಕರಿಯವಳು ಎದ್ದು ನಿಂತಳು.

"ಕಮಾನು ಗಿಮಾನು ಬೇಡ. ದೊಡ್ಡಾಸ್ಪತ್ರೆಲಿ ಕ್ಯಾನ್ಸರ್ ಸಂಶೋಧನೆ ಮಾಡ್ತಾರಲ್ಲ, ಅವರಿಗೆ ದುಡ್ಡು ಕೂಡಿಸಿ ಕೊಡೋಣ."

ಇಷ್ಟೆಲ್ಲ ಕಾಯಿಲೆಗಳಿರುವಾಗ ಇವಳಿಗೆ ಇದೇ ಏಕೆ ನೆನಪಾಯಿತು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಬಾರದೆಂದು ಮುಖ ಗಟ್ಟಿ ಮಾಡಿ ಕೂತೆ. ಯಜಮಾನರು ಹರಿಹಾಯುತ್ತಾರೆ ಎಂದುಕೊಂಡರೆ, "ಆಗ್ಲಿ, ಕಮಾನು ಎಲ್ಲಿಗೂ ಓಡಿಹೋಗಲ್ಲ" ಎಂದು ಕೂತುಬಿಟ್ಟರು. ಅವರಿಗೆ ಮೈ ಸರಿಯಿಲ್ಲವೋ ಏನೋ.

ಜೂನ್ 6, ಗುರುವಾರ

ಮೊದಲನೆಯ ಡ್ರಿಪ್ ಆಯಿತು. ಕಿಟಕಿಯ ಪಕ್ಕದ ಕುರ್ಚಿ ಸಿಕ್ಕಿತು. ನರ್ಸಿನ ಕನ್ನಡಕದ ಎಡಗಡೆಯ ಕಾಲು ಸಡಿಲವಾಗಿತ್ತು. ಒಂದು ಕೈಗೆ ಸೂಜಿ ಚುಚ್ಚಿಸಿಕೊಂಡು ಕೂತೇ ಇನ್ನೊಂದು ಕೈಯಿಂದ, ಪರ್ಸಿನಲ್ಲಿದ್ದ ಪುಟ್ಟ ಸ್ಕ್ರೂ ಡ್ರೈವರಿನಲ್ಲಿ ಬಿಗಿ ಮಾಡಿಕೊಟ್ಟೆ. ಅವಳು ನಕ್ಕಳು. ನನಗೂ ಸಮಾಧಾನವಾಯಿತು.

ಡಾಕ್ಟರಮ್ಮ ಬಂದು ಪಕ್ಕದಲ್ಲಿ ಕೂತರು. ಈ ಔಷಧಿ ನನಗೆ ನಾಲ್ಕೇ ಸಲ, ಮೂರು ವಾರಕ್ಕೊಮ್ಮೆ. ಮೊದಲು ನನ್ನಂಥವರಿಗೆಲ್ಲ ಇದರ ಎರಡರಷ್ಟು ಕೊಡುತ್ತಿದ್ದರಂತೆ.

"ನಾಲ್ಕೇ ಸಾಕು ಅಂತ ಹೆಂಗೆ ಗೊತ್ತಾಯ್ತು?" ಎಂದು ಕೇಳಿದೆ.

"ನಿಮಗಿಂತ ಮುಂಚೆ ಬಂದ ಹೆಂಗಸರು ತಮ್ಮ ಗೆಡ್ಡೆಯ ಒಂದೊಂದು ಚೂರು ನಮಗೆ ಬಿಟ್ಟುಕೊಟ್ಟಿದ್ರು. ಅದನ್ನ ವರ್ಷಗಟ್ಟಲೆ ಜೋಪಾನ ಮಾಡಿಟ್ಟು ಪರೀಕ್ಷೆ ಮಾಡಿದ್ರಿಂದ ಗೊತ್ತಾಯ್ತು" ಎಂದರು.

ಅವರಲ್ಲಿ ಎಷ್ಟು ಜನ ಬದುಕಿದರೆಂದು ಕೇಳಲು ಧೈರ್ಯವಾಗಲಿಲ್ಲ. ಮುಖ ನೋಡದ, ಹೆಸರು ತಿಳಿಯದ ಆ ಹೆಂಗಸರಿಗೆ ಮನಸ್ಸಿನಲ್ಲೇ ಕೈಮುಗಿದೆ. ನನ್ನ ಚೂರನ್ನೂ ಇಟ್ಟುಕೊಳ್ಳಿ ಎಂದು ಒಪ್ಪಿಗೆ ಕೊಟ್ಟೆ. ಇಡಲು ಜಾಗವೇ ಇಲ್ಲ, ಇರುವ ಫ್ರೀಜರು ಮುದಿಯಾಗಿ ದಿನಾ ಕೈಕೊಡುತ್ತಿದೆ ಎಂದು ಅವರು ನಿಟ್ಟುಸಿರು ಬಿಟ್ಟರು. ನಮ್ಮ ಸಂಘ ಏನು ಕೊಡಿಸಬೇಕೆನ್ನುವುದು ಅಲ್ಲೇ ತೀರ್ಮಾನವಾಯಿತು. ಆದರೆ ಸಂಘದವರ ಮುಂದೆ ನನ್ನ ಪರಿಚಯವೇ ಇಲ್ಲದವರ ಹಾಗಿರಬೇಕೆಂದು ಅವರಿಂದ ಮಾತು ತೆಗೆದುಕೊಂಡು ಬಂದೆ.

ಜೂನ್ 8, ಶನಿವಾರ

ಹೊಟ್ಟೆ ತೊಳಸುತ್ತಿದ್ದರೂ ಸಭೆ ಬಿಡಲಿಲ್ಲ. ಫ್ರೀಜರಿನ ವಿಷಯ ಹೇಳಿದಾಗ ಐಸ್‌ಕ್ರೀಮಿನವನು, "ಅಷ್ಟೇನಾ? ನನ್ನ ಹಳೇದು ಒಂದಿದೆ, ಇವತ್ತೇ ಹೊತ್ತುಕೊಂಡು ಹೋಗ್ಲಿ" ಎಂದ. ಇದು ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನದಪ್ಪಾ, ನಿನ್ನ ಐಸ್‌ಕ್ರೀಮನ್ನು ಅದರಲ್ಲಿಟ್ಟರೆ ಸುತ್ತಿಗೆಯಿಂದ ಒಡೆದು ತಿನ್ನಬೇಕು ಎಂದೆ. ಬೆಲೆ ಹೇಳಿದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ವ್ಯಾಪಾರಿಯ ಕೈಯಿಂದ ಚಂದಾ ಕೀಳುವುದು ಕಲ್ಲಿನಿಂದ ನಾರು ತೆಗೆದ ಹಾಗೆ. ಉಪಾಯ ಹೇಳಿದವರು ಎದುರಂಗಡಿಯ ಗಡಿಯಾರದವರು. ದಿನಕ್ಕೆ ನಾಲ್ಕು ಮಾತಾಡಿದರೆ ಅವರಿಗದು ಭಾಷಣ. "ಬೋಣಿ ಕೊಡೋಣ" ಎಂದರು. ಆಗಸ್ಟ್ ಕೊನೆಯವರೆಗೆ ಪ್ರತಿ ಅಂಗಡಿಯ ದಿನದ ಮೊದಲ ವ್ಯಾಪಾರದ ಹಣ ಸಂಘದ ಡಬ್ಬಿಗೆ. ಬೋಣಿ ಎಂದಮೇಲೆ ಯಾರಿಗೂ ಇಲ್ಲವೆನ್ನಲು ಬಾಯಿ ಬರಲಿಲ್ಲ. ಚಿಕ್ಕದಾದರೂ ಒಳ್ಳೆಯ ಕೈಯಿಂದ ಬೋಣಿಯಾಗಲಿ ಎಂದು ಕಾಯುವವರು ತಾನೇ ನಾವೆಲ್ಲ.

ನಿಯಮ ಹಾಕಿದವಳು ನಾನು. ಡಬ್ಬಿ ಹನ್ನೊಂದಕ್ಕೆ ಬೀದಿ ಸುತ್ತುತ್ತದೆ. ಜೇಬಿನಿಂದ ಹಾಕುವ ಹಾಗಿಲ್ಲ, ಅಂಗಡಿಯಲ್ಲಿ ನಿಜವಾಗಿ ಮಾರಿದ್ದೇ ಆಗಬೇಕು. ಒಂದೇ ಒಂದು ಅಂಗಡಿಯ ಬೋಣಿ ತಪ್ಪಿದರೂ ಆ ದಿನ ಎಲ್ಲರ ಹಣವೂ ವಾಪಸು. "ಇವತ್ತು ಬೋಣಿನೇ ಆಗಿಲ್ಲ ಕಣ್ರೀ" ಎಂದು ಬಣ್ಣದ ಯಜಮಾನರು ಜಾರಿಕೊಳ್ಳಬಾರದಲ್ಲ, ಅದಕ್ಕೆ. ಅವರು ನನ್ನನ್ನೇ ನೋಡುತ್ತ, "ಕನ್ನಡಕದಕ್ಕ, ಈ ನಿಯಮ ಅಧ್ಯಕ್ಷರಿಗೂ ಉಂಟು ತಾನೇ?" ಎಂದರು. ಉಂಟು ಎಂದೆ.

ಮನೆಗೆ ಬಂದ ಮೇಲೆ ಹೊಳೆಯಿತು. ಬೆಳಿಗ್ಗೆ ಬೆಳಿಗ್ಗೆ ಕನ್ನಡಕ ಕೊಳ್ಳುವವರು ಯಾರು? ಜನ ಸಂಜೆ ಬರುತ್ತಾರೆ, ಕಣ್ಣು ತೋರಿಸುತ್ತಾರೆ, ಹತ್ತು ಫ್ರೇಮು ಹಾಕಿ ಕನ್ನಡಿ ನೋಡುತ್ತಾರೆ, ಮನೆಯಲ್ಲಿ ಕೇಳಿ ಬರುತ್ತೇನೆಂದು ಹೋಗುತ್ತಾರೆ. ಯಜಮಾನರಿಗೆಂದು ತೋಡಿದ ಹಳ್ಳಕ್ಕೆ ನಾನೇ ಬೀಳುವುದು ಖಂಡಿತ.

ಜೂನ್ 19, ಬುಧವಾರ

ಕೂದಲು ಬಾಚಣಿಗೆಗೆ ಕಟ್ಟುಕಟ್ಟಾಗಿ ಬಂತು. ಸುಮ್ಮನೆ ಕೂತು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ತಂಗಿಯ ಮಗಳೇ ಮೆಷಿನ್ ಹಿಡಿದು ಪೂರ್ತಿ ತೆಗೆದಳು. "ದೊಡ್ಡಮ್ಮ, ನಿಮ್ಮ ತಲೆ ಎಷ್ಟು ದುಂಡಗಿದೆ ನೋಡಿ! ಇಷ್ಟು ದಿನ ಸುಮ್ನೆ ಮುಚ್ಚಿಟ್ಟಿದ್ರಿ" ಎಂದಳು. ಅಳುವಿನ ನಡುವೆಯೇ ನಗು ಬಂತು. ಈ ಹುಡುಗಿ ಇಲ್ಲದಿದ್ದರೆ ನಾನೇನಾಗುತ್ತಿದ್ದೆನೋ.

ಬಣ್ಣ ಹಚ್ಚಿ ಕೂದಲು ಕೆಟ್ಟುಹೋಯಿತು, ಅದಕ್ಕೆ ತಲೆಗೆ ಸ್ಕಾರ್ಫು ಎಂದು ಬೀದಿಗೆಲ್ಲ ಹೇಳಿದೆ. ಯಾರೂ ಮರುಪ್ರಶ್ನೆ ಹಾಕಲಿಲ್ಲ. ಮಧ್ಯಾಹ್ನ ಬಟ್ಟೆ ಅಂಗಡಿಯಿಂದ ಮೆತ್ತನೆಯ ಹತ್ತಿಯ ನಾಲ್ಕು ಸ್ಕಾರ್ಫು ಬಂದವು. ಕಂಪನಿಯವರು ಮಾದರಿಗೆಂದು ಪುಕ್ಕಟೆ ಕೊಟ್ಟಿದ್ದಾರಂತೆ. ನೋಡಿ, ಅದೃಷ್ಟ ಎಂದರೆ ಇದು.

ಇನ್ನೊಂದು ಸಂತೋಷ. ನಮ್ಮ ಅಂಗಡಿಯ ಬೋಣಿ ಒಂದು ದಿನವೂ ತಪ್ಪಿಲ್ಲ. ಕನ್ನಡಕ ಕೊರಳಲ್ಲಿ ತೂಗುಹಾಕಿಕೊಳ್ಳುವ ದಾರವಿದೆಯಲ್ಲ, ಅದು ದಿನಾ ಬೆಳಿಗ್ಗೆ ಒಂದಾದರೂ ಹೋಗುತ್ತಿದೆ. ವರ್ಷಕ್ಕೆ ಹತ್ತು ಮಾರಿದರೆ ಹೆಚ್ಚು ಎನ್ನುವ ಮಾಲು! ನಾನು ಮಹಡಿಯ ಮನೆಯಿಂದ ಇಳಿದು ಬರುವಷ್ಟರಲ್ಲಿ ವ್ಯಾಪಾರ ಮುಗಿದಿರುತ್ತದೆ. "ಯಾರೇ ತಗೊಂಡಿದ್ದು?" ಎಂದರೆ "ಯಾರೋ ಗಿರಾಕಿ" ಎನ್ನುತ್ತಾಳೆ. ಹುಡುಗಿಗೆ ವ್ಯಾಪಾರದ ಕಲೆ ಕೈಹತ್ತಿದೆ. ನನ್ನ ತರಬೇತಿ ಸುಮ್ಮನೆ ಹೋಗಿಲ್ಲ.

ಜೂನ್ 27, ಗುರುವಾರ

ಎರಡನೆಯ ಡ್ರಿಪ್. ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಬೇಕರಿಯವಳ ವ್ಯಾನು ಬಂದು ಪಕ್ಕದಲ್ಲೇ ನಿಂತಿತು.

"ಹತ್ತಿ ಅಕ್ಕ. ಆಸ್ಪತ್ರೆ ಕ್ಯಾಂಟೀನಿಗೆ ಬ್ರೆಡ್ ಹಾಕೋಕೆ ಹೊರಟಿದ್ದೆ."

ನಾನು ಆಸ್ಪತ್ರೆಗೆ ಹೋಗುತ್ತಿದ್ದೇನೆ ಎಂದು ನಿನಗೆ ಯಾರು ಹೇಳಿದರು ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ನನ್ನ ಬಾಯಿಯೇ, "ಕಣ್ಣಿನ ವಿಭಾಗದಲ್ಲಿ ಲೆನ್ಸಿನ ಆರ್ಡರ್ ಮಾತಾಡೋದಿತ್ತು" ಎಂದು ಸುಳ್ಳು ಹೊಲಿಯಿತು. ಇಳಿಯುವಾಗ ಹಿಂದೆ ತಿರುಗಿ ನೋಡಿದರೆ ವ್ಯಾನಿನಲ್ಲಿ ಒಂದು ಬನ್ನೂ ಇರಲಿಲ್ಲ. ಬ್ರೆಡ್ ಹಾಕಲು ಬಂದವಳು ಬ್ರೆಡ್ಡನ್ನೇ ಮರೆತು ಬಂದಿದ್ದಾಳೆ! ಹಾಗೆಂದು ಹೇಳಿದ್ದಕ್ಕೆ ಹಣೆ ಚಚ್ಚಿಕೊಂಡು, "ನೋಡಿ ನನ್ನ ಬುದ್ಧಿ. ಸಂಜೆ ಮತ್ತೆ ಬರ್ಬೇಕು. ಹೆಂಗೂ ಬರ್ತೀನಲ್ಲ, ನಿಮ್ಮನ್ನೂ ಕರ್ಕೊಂಡು ಹೋಗ್ತೀನಿ" ಎಂದಳು. ಸಂಜೆ ಬಸ್ಸಿನಲ್ಲಿ ನಿಲ್ಲುವ ಶಕ್ತಿ ನನ್ನಲ್ಲಿರಲಿಲ್ಲ. ಅವಳ ಮರೆವಿನಿಂದ ನನಗೆ ಉಪಕಾರವಾಯಿತು.

ಜೂನ್ 29, ಶನಿವಾರ

ಬರೆಯಲು ಕೈ ಏಳದು. ಬೇಕರಿಯಿಂದ ಉಪ್ಪಿಲ್ಲದ, ಸಕ್ಕರೆಯಿಲ್ಲದ, ಯಾವ ವಾಸನೆಯೂ ಇಲ್ಲದ ಬ್ರೆಡ್ ಬಂದಿತ್ತು. ಹದ ತಪ್ಪಿದ್ದಂತೆ, ಮಾರಲಾಗದಂತೆ. ಹೊಟ್ಟೆಯಲ್ಲಿ ನಿಂತದ್ದು ಅದೊಂದೇ.

ಜುಲೈ 9, ಮಂಗಳವಾರ

ಇವತ್ತು ಹೆದರಿದೆ. ಒಬ್ಬ ಗಿರಾಕಿಯ ಕನ್ನಡಕದ ಸ್ಕ್ರೂ ಕೂರಿಸಲು ಹೋದೆ. ಸಾಸಿವೆಗಿಂತ ಚಿಕ್ಕ ಸ್ಕ್ರೂ. ಬೆರಳ ತುದಿಗೆ ಅದು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಬಿತ್ತು. ಇನ್ನೊಂದು ತೆಗೆದೆ, ಅದೂ ಬಿತ್ತು. ಔಷಧಿಯಿಂದ ಬೆರಳು ಜೋಮು ಹಿಡಿಯಬಹುದೆಂದು ಡಾಕ್ಟರಮ್ಮ ಹೇಳಿದ್ದರು, ಆದರೆ ಇದು ನನ್ನ ಅನ್ನದ ಬೆರಳು. ಅಪ್ಪ ಕಲಿಸಿದ ಕೆಲಸ. ನೆಲದ ಮೇಲೆ ಮಂಡಿಯೂರಿ ಸ್ಕ್ರೂ ಹುಡುಕುವ ನೆಪದಲ್ಲಿ ಕೌಂಟರಿನ ಹಿಂದೆ ಕೂತು ಕಣ್ಣೊರೆಸಿಕೊಂಡೆ.

ತಲೆಯೆತ್ತಿದರೆ ಗಡಿಯಾರದವರು ನಿಂತಿದ್ದರು, ಒಂದು ಕೈಯಲ್ಲಿ ತಮ್ಮ ಸ್ಟೂಲು, ಇನ್ನೊಂದರಲ್ಲಿ ಸಲಕರಣೆಯ ಪೆಟ್ಟಿಗೆ.

"ನನ್ನ ಅಂಗಡಿ ಬಲ್ಬು ಕೆಟ್ಟಿದೆ. ನಿಮ್ಮಲ್ಲಿ ಬೆಳಕು ಚೆನ್ನಾಗಿದೆ. ಬೆಳಗಿನ ಹೊತ್ತು ಇಲ್ಲಿ ಕೂರ್ಲಾ?"

ಇಷ್ಟು ಉದ್ದದ ಮಾತನ್ನು ಅವರ ಬಾಯಿಂದ ನಾನು ಕೇಳಿಯೇ ಇರಲಿಲ್ಲ. ಕೂರಿ ಎಂದೆ. ಕೂತವರು ಸುಮ್ಮನಿರದೆ, ಕೌಂಟರಿನ ಮೇಲೆ ಬಿದ್ದಿದ್ದ ಕನ್ನಡಕ ಎಳೆದುಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಉಸಿರಾಡುವಷ್ಟರಲ್ಲಿ ಸ್ಕ್ರೂ ಕೂರಿಸಿಬಿಟ್ಟರು. "ಜಾಗದ ಬಾಡಿಗೆ" ಎಂದರು. ಪಕ್ಕದಲ್ಲಿದ್ದ ಇನ್ನೂ ಆರೇಳು ರಿಪೇರಿಯನ್ನೂ ಮುಗಿಸಿದರು. ಕಷ್ಟದಲ್ಲಿರುವವರಿಗೆ ಜಾಗ ಕೊಟ್ಟದ್ದಕ್ಕೆ ದೇವರು ಹೀಗೆ ಕಣ್ಣುಬಿಟ್ಟ ಎಂದುಕೊಂಡೆ.

ಜುಲೈ 18, ಗುರುವಾರ

ಮೂರನೆಯದು. ಬೇಕರಿಯವಳು ಈ ಸಲವೂ ಬ್ರೆಡ್ ಮರೆತಿದ್ದಳು. ಇವಳು ವ್ಯಾಪಾರ ಹೇಗೆ ನಡೆಸುತ್ತಾಳೋ!

ಜುಲೈ 22, ಸೋಮವಾರ

ಎದ್ದು ಅಂಗಡಿಗೆ ಇಳಿದೆ. ಒಂದು ವಿಚಿತ್ರ ಗಮನಕ್ಕೆ ಬಂತು. ಯಾವಾಗಲೂ ಬೆಳಗಾದರೆ ಪಕ್ಕದಿಂದ ಟರ್ಪೆಂಟೈನಿನ ಗಾಟು ಮೂಗಿಗೆ ಅಡರುತ್ತಿತ್ತು. ಈಗ ನೆನೆಸಿಕೊಂಡರೆ ಒಂದೂವರೆ ತಿಂಗಳಿಂದ ಅದಿಲ್ಲ. ಬಣ್ಣ ಬೆರೆಸುವ ಯಂತ್ರವನ್ನು ಯಜಮಾನರು ಹಿತ್ತಲಿಗೆ ಸಾಗಿಸಿದ್ದಾರೆ. ಏಕೆಂದು ಕೇಳಿದೆ.

"ಮುಂದೆ ಧೂಳು ಜಾಸ್ತಿ ಕಣ್ರೀ, ಬಣ್ಣ ಕೆಡುತ್ತೆ" ಎಂದರು.

"ಹತ್ತು ವರ್ಷದಿಂದ ಹೇಳ್ತಾ ಇದ್ದೆ, ಈಗ ಬುದ್ಧಿ ಬಂತಾ?" ಎಂದೆ.

"ಬಂತು" ಎಂದರು. ಜಗಳಕ್ಕೆ ಬರಲಿಲ್ಲ. ಮೊದಲಾಗಿದ್ದರೆ ಅವರು ಒಂದಕ್ಕೆ ಹತ್ತು ಕೊಡುತ್ತಿದ್ದರು, ನಾನು ಹತ್ತಕ್ಕೆ ನೂರು ಕೊಡುತ್ತಿದ್ದೆ. ಯಾಕೋ ಇವತ್ತು ನನಗೂ ಜಗಳ ಬೇಕಾಗಿರಲಿಲ್ಲ. ಆ ವಾಸನೆ ಇದ್ದಿದ್ದರೆ ಈ ದಿನಗಳನ್ನು ದಾಟುತ್ತಿರಲಿಲ್ಲ. ಅವರ ಧೂಳಿಗೆ ನನ್ನ ನಮಸ್ಕಾರ.

ದಾರ ಖಾಲಿಯಾಗಿ ಮತ್ತೊಂದು ದೊಡ್ಡ ಕಟ್ಟು ತರಿಸಿದೆ. ಈ ಸಲ ಹಸಿರು, ಕೆಂಪು, ಮಣಿ ಪೋಣಿಸಿದ್ದು, ಎಲ್ಲ ಬಗೆಯದ್ದೂ. ಸರಬರಾಜಿನವನಿಗೆ ಆಶ್ಚರ್ಯ. "ಬೇರೆ ಯಾವ ಊರಲ್ಲೂ ಇದು ಹೋಗ್ತಿಲ್ಲ ಮೇಡಂ" ಎಂದ. ಮಾರಲು ಬರಬೇಕಪ್ಪಾ ಎಂದು ಬೀಗಿದೆ. ತಂಗಿಯ ಮಗಳಿಗೆ ಅದೇ ಹೊತ್ತಿಗೆ ಕೆಮ್ಮು ಬಂದು ಒಳಗೆ ಓಡಿದಳು.

ಬಲ್ಬು ಇನ್ನೂ ಸರಿಹೋಗಿಲ್ಲವಂತೆ. ಗಡಿಯಾರದವರು ದಿನಾ ಬರುತ್ತಾರೆ. ಮಾತಿಲ್ಲ ಕತೆಯಿಲ್ಲ. ಆದರೂ ಅವರು ಸ್ಟೂಲು ಇಡುವ ಸದ್ದು ಕೇಳಿದರೆ ಮನಸ್ಸಿಗೆ ನಿರಾಳ.

ಆಗಸ್ಟ್ 8, ಗುರುವಾರ

ಕೊನೆಯ ಡ್ರಿಪ್. ಬಾಟಲಿ ಖಾಲಿಯಾಗುವುದನ್ನು ನೋಡುತ್ತ ಕೂತೆ. ನನಗೆ ಇಲ್ಲಿಗೆ ಮುಗಿಯಿತು, ಆ ಹಳೆಯ ಹೆಂಗಸರಿಗೆ ಇನ್ನೂ ಅರ್ಧ ಉಳಿದಿರುತ್ತಿತ್ತು. ಅವರು ನುಂಗಿದ ಕಹಿಯಲ್ಲಿ ಅರ್ಧವನ್ನು ನನ್ನ ತಟ್ಟೆಯಿಂದ ತೆಗೆದಿಟ್ಟು ಹೋಗಿದ್ದಾರೆ. ಇನ್ನು ಉಳಿದಿರುವುದು ಪರೀಕ್ಷೆ, ಆಮೇಲೆ ಸ್ವಲ್ಪ ದಿನ ವಿಕಿರಣ. ಗುಟ್ಟೂ ಉಳಿಯಿತು, ಅಂಗಡಿಯೂ ಉಳಿಯಿತು.

ಆಗಸ್ಟ್ 17, ಶನಿವಾರ

ಬರೆಯದೆ ದಿನಗಳಾದವು. ಭಾನುವಾರ ಚಳಿ ಜ್ವರ ಬಂತು. ರಕ್ತದಲ್ಲಿ ಬಿಳಿ ಕಣ ತೀರ ಇಳಿದಿದೆ ಎಂದು ಆಸ್ಪತ್ರೆಯಲ್ಲೇ ಮಲಗಿಸಿದರು. ಎರಡು ದಿನ ಏನಾಯಿತೋ ನನಗೆ ನೆನಪಿಲ್ಲ. ಡಾಕ್ಟರಮ್ಮನ ಮುಖ ಮಾತ್ರ ನೆನಪಿದೆ, ಅದರಲ್ಲಿ ನಗು ಇರಲಿಲ್ಲ. ಹೋಗಿಬಿಡುತ್ತೇನೆ ಎಂದು ಮೊದಲ ಸಲ ಅನ್ನಿಸಿತು. ಆಶ್ಚರ್ಯವೆಂದರೆ ಆಗ ಅಂಗಡಿಯ ಚಿಂತೆ ಬರಲಿಲ್ಲ. ಸ್ಟೂಲು ಇಡುವ ಸದ್ದು ಇನ್ನೊಮ್ಮೆ ಕೇಳಬೇಕು ಅನ್ನಿಸಿತು, ಖಾಲಿ ವ್ಯಾನಿನ ಗಡಗಡ ಅನ್ನಿಸಿತು, ಬಣ್ಣದ ಯಜಮಾನರ ಜೊತೆ ಬಾಯ್ತುಂಬ ಒಂದು ಜಗಳವಾಡಬೇಕು ಅನ್ನಿಸಿತು. ಬುಧವಾರ ಜ್ವರ ಬಿಟ್ಟಿತು. ನಿನ್ನೆ ಮನೆಗೆ ಬಂದೆ.

ತಂಗಿಯ ಮಗಳು ನನ್ನ ಮಂಚದ ಪಕ್ಕ ಬಿಟ್ಟು ಕದಲಿರಲಿಲ್ಲ. ಅಂದರೆ ಅಂಗಡಿ ಮುಚ್ಚಿತ್ತು. ನಮ್ಮ ಬೋಣಿ ತಪ್ಪಿತು, ನನ್ನ ನಿಯಮದಿಂದಲೇ ಇಡೀ ಬೀದಿಯ ಹಣ ವಾಪಸಾಯಿತು ಎಂದು ನಾಚಿಕೆಯಿಂದ ಇಳಿದು ಬಂದರೆ ಅಂಗಡಿ ಗುಡಿಸಿ ಒರೆಸಿ ಲಕಲಕ ಅನ್ನುತ್ತಿದೆ. ರಿಪೇರಿಗೆ ಬಂದವೆಲ್ಲ ಮುಗಿದು ಸಾಲಾಗಿ ಕೂತಿವೆ. ಡಬ್ಬಿ ಒಂದು ದಿನವೂ ನಿಂತಿಲ್ಲವಂತೆ.

"ಯಾರು ನೋಡ್ಕೊಂಡ್ರು?" ಎಂದೆ.

"ಆಮೇಲೆ ಹೇಳ್ತೀನಿ ದೊಡ್ಡಮ್ಮ, ಮೊದ್ಲು ಗಂಜಿ ಕುಡೀರಿ."

ಬಾಗಿಲಲ್ಲಿ ಬಣ್ಣದ ಯಜಮಾನರು ಇಣುಕಿ, "ತಂಗಿ ಮನೆಯಿಂದ ಯಾವಾಗ ಬಂದ್ರಿ? ತಂಗಿ ಹುಷಾರಾಗಿದ್ದಾರಾ?" ಎಂದು ಕೇಳಿದರು. ಹುಷಾರು ಎಂದೆ. "ಚೆನ್ನಾಗಿ ನೋಡ್ಕೊಳ್ಳೋಕೆ ಹೇಳಿ ಅವ್ರಿಗೆ. ಹಟ ಮಾಡಬಾರ್ದು ಅಂತ ಹೇಳಿ" ಎಂದು ಬೇರೆಡೆ ನೋಡುತ್ತ ಹೇಳಿ ಹೋದರು. ನನ್ನ ತಂಗಿಯನ್ನು ಅವರು ಯಾವಾಗ ನೋಡಿದ್ದಾರೆ?

ಆಗಸ್ಟ್ 26, ಸೋಮವಾರ

ಕಾಲಿಗೆ ಶಕ್ತಿ ಬಂದಿದೆ. ದಿನಾ ಬೇಕರಿಯವಳು ಸುತ್ತಿಸುತ್ತಿದ್ದ ಡಬ್ಬಿಯನ್ನು ಈ ಕೊನೆಯ ವಾರವಾದರೂ ನಾನೇ ಒಯ್ಯುತ್ತೇನೆ ಎಂದೆ. ಬೇಡ ಬೇಡವೆಂದಳು, ಬಿಸಿಲು ಎಂದಳು. ಮೋಡ ಮುಚ್ಚಿತ್ತು. ನಾನು ಹೊರಟೇಬಿಟ್ಟೆ.

ನಿಜ ಹೇಳಬೇಕೆಂದರೆ ಈ ಬೀದಿಯ ಅಂಗಡಿಗಳ ಒಳಗೆ ನಾನು ಕಾಲಿಟ್ಟು ವರ್ಷಗಳೇ ಆಗಿದ್ದವು. ಬೇಕಾದದ್ದನ್ನು ಬಾಗಿಲಲ್ಲಿ ನಿಂತು ಕೂಗಿ ಹೇಳುವವಳು ನಾನು. ಮೊದಲು ಬಟ್ಟೆ ಅಂಗಡಿ. ಬೋಣಿ ಹಾಕಿದರು. ಅಲ್ಲಿ ಮಡಿಸಿಟ್ಟ ಥಾನುಗಳಿಗೆ ಕಟ್ಟಿದ್ದ ಹಗ್ಗ ಎಲ್ಲೋ ನೋಡಿದ ಹಾಗಿತ್ತು. ಹಸಿರು, ಮಣಿ ಪೋಣಿಸಿದ್ದು. ಐಸ್‌ಕ್ರೀಮಿನವನ ಚಮಚಗಳೆಲ್ಲ ಒಂದೊಂದು ದಾರದಲ್ಲಿ ತೂಗುತ್ತಿದ್ದವು. ಬೇಕರಿಯವಳಿಗೆ ಎದುರು ಬದಿಯ ಇರುವೆಯೂ ಕಾಣುವ ಕಣ್ಣು, ಕನ್ನಡಕ ಕನಸಿನಲ್ಲೂ ಹಾಕಿದವಳಲ್ಲ. ಅವಳ ಕೊರಳಿನಲ್ಲಿ ಕೆಂಪು ದಾರ, ದಾರದ ತುದಿಯಲ್ಲಿ ವ್ಯಾನಿನ ಬೀಗದಕೈ. ನನ್ನನ್ನು ನೋಡಿ ಅದನ್ನು ಸೆರಗಿನೊಳಗೆ ಸೇರಿಸಿದಳು.

ಬಣ್ಣದ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಮೊಳೆ ಹೊಡೆದು ಬ್ರಷ್ಷುಗಳನ್ನು ತೂಗುಹಾಕಿದ್ದರು. ಒಂದೊಂದು ಬ್ರಷ್ಷಿಗೆ ಒಂದೊಂದು ಕನ್ನಡಕದ ದಾರ. ಯಜಮಾನರು ಡಬ್ಬಿಗೆ ಹಣ ಹಾಕಿ, ಗೋಡೆಗೆ ಅಡ್ಡ ನಿಂತು, "ಮತ್ತೇನು ಸಮಾಚಾರ?" ಎಂದರು. ಅಷ್ಟು ಅಗಲದ ಗೋಡೆಗೆ ಅಡ್ಡ ನಿಲ್ಲುವಷ್ಟು ಅವರು ದಪ್ಪವಿಲ್ಲ.

ಕೊನೆಗೆ ಗಡಿಯಾರದವರ ಅಂಗಡಿ. ತಲೆಯ ಮೇಲೆ ಬಲ್ಬು ಧಗಧಗ ಉರಿಯುತ್ತಿತ್ತು. ಅವರು ಬಲ್ಬು ನೋಡಿದರು, ನನ್ನನ್ನು ನೋಡಿದರು.

"ಈಗ್ತಾನೇ ಸರಿಹೋಯ್ತು" ಎಂದರು.

"ಹೌದಾ" ಎಂದೆ. ಡಬ್ಬಿ ಮುಂದೆ ಹಿಡಿದೆ, ಬೋಣಿ ಹಾಕಿದರು.

ಬೀದಿ ದಾಟಿ ಬಂದು ನನ್ನ ಕುರ್ಚಿಯಲ್ಲಿ ಕೂತೆ. ತಂಗಿಯ ಮಗಳು ನನ್ನ ಮುಖ ನೋಡಿ ಎಲ್ಲ ಒಪ್ಪಿಕೊಂಡಳು. ಆಪರೇಷನ್ನಿನ ದಿನ ಆಸ್ಪತ್ರೆಯಲ್ಲಿ ಒಬ್ಬಳೇ ಕೂತಿರಲಾರದೆ ಬೇಕರಿಯವಳಿಗೆ ಫೋನು ಮಾಡಿದ್ದಳಂತೆ. "ಅವ್ರೊಬ್ರಿಗೆ ಮಾತ್ರ ಹೇಳಿದ್ದು ದೊಡ್ಡಮ್ಮ." ಬೇಕರಿಯವಳು ಗಡಿಯಾರದವರೊಬ್ಬರಿಗೆ ಮಾತ್ರ ಹೇಳಿದ್ದಳು. ಅವರು ಯಜಮಾನರೊಬ್ಬರಿಗೆ ಮಾತ್ರ. ಯಜಮಾನರಿಗೆ ಹೇಳಿದ ಮೇಲೆ ಡಂಗುರದವರಿಗೆ ಕೆಲಸವಿಲ್ಲ. ಆದರೂ "ಅಯ್ಯೋ ಪಾಪ ಅಂದೋರ ಬಾಯಿಗೆ ಬಣ್ಣ ಬಳೀತೀನಿ" ಎಂದು ಬೀದಿಗೆಲ್ಲ ತಾಕೀತು ಮಾಡಿದ್ದವರೂ ಅವರೇ ಅಂತೆ. ನನ್ನ ಬೋಣಿ ತಪ್ಪದಿರಲೆಂದು ಪಾಳಿ ಹಾಕಿಕೊಂಡು ದಾರ ಕೊಂಡಿದ್ದಾರೆ. ನಾನು ಮಲಗಿದ್ದ ದಿನಗಳಲ್ಲಿ ಗಡಿಯಾರದವರೇ ಬಾಗಿಲು ತೆರೆದು, ತಾವೇ ಮಾರಿ, ಡಬ್ಬಿಗೆ ಹಾಕಿದ್ದಾರೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿದಿದ್ದೇನೆ ಮೂರು ತಿಂಗಳು. ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡುವವಳು ನಾನು! ಸಿಟ್ಟು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಅಳು ಬಂತು, ತುಂಬ ಹೊತ್ತು ಬಂತು, ಅದು ಜೂನ್ ತಿಂಗಳ ಅಳುವಿನ ಥರದ್ದಲ್ಲ.

ಆಗಸ್ಟ್ 31, ಶನಿವಾರ

ಸಂಘದ ಸಣ್ಣ ಹಾಲಿನಲ್ಲಿ ಸಮಾರಂಭ. ಹನಿಗೂಡಿದರೆ ಹಳ್ಳ ಎನ್ನುವುದು ಸುಳ್ಳಲ್ಲ. ಬೋಣಿಯ ಹಣ ಫ್ರೀಜರಿಗೆ ಸಾಕಾಗಿ ಸ್ವಲ್ಪ ಮಿಕ್ಕಿತು. ಡಾಕ್ಟರಮ್ಮ ಬಂದು, ಕೊಟ್ಟ ಮಾತಿನಂತೆ, "ನಮಸ್ಕಾರ, ತಾವು ಅಧ್ಯಕ್ಷರಾ?" ಎಂದು ಕೈಮುಗಿದರು. ಆ ನಟನೆಗೆ ಬಹುಮಾನ ಕೊಡಬೇಕು. ಹಾಲಿನಲ್ಲಿ ನಾಲ್ಕೈದು ಜನ ಬಾಯಿಗೆ ಕೈ ಅಡ್ಡ ಹಿಡಿದರು.

ಭಾಷಣ ಬರೆದುಕೊಂಡು ಹೋಗಿದ್ದೆ. ಓದಲಿಲ್ಲ. ಎದ್ದು ನಿಂತು ತಲೆಯ ಸ್ಕಾರ್ಫು ತೆಗೆದೆ. ಒಂದಿಂಚೂ ಬೆಳೆಯದ ಕೂದಲು.

"ನನಗೆ ಕ್ಯಾನ್ಸರ್ ಆಗಿತ್ತು. ಈ ಡಾಕ್ಟರಮ್ಮನೇ ನನ್ನ ಡಾಕ್ಟ್ರು. ಮೊನ್ನೆಯ ಪರೀಕ್ಷೆಲಿ ಸದ್ಯಕ್ಕೆ ಏನೂ ಇಲ್ಲ ಅಂದಿದ್ದಾರೆ. ನಿಮ್ಮಿಂದ ಮುಚ್ಚಿಟ್ಟೆ, ಯಾಕಂದ್ರೆ..."

ಹಿಂದಿನ ಸಾಲಿನಿಂದ ಬಣ್ಣದ ಯಜಮಾನರ ದನಿ ಬಂತು.

"ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತೇನ್ರೀ? ನಮ್ಮನೇಲಿ ದಾರ ಇಡೋಕೆ ಜಾಗ ಇಲ್ಲ!"

ನಗು ಎದ್ದದ್ದು ಎದ್ದದ್ದೇ. ಬೇಕರಿಯವಳು ಕೊರಳೊಳಗಿನ ದಾರ ಹೊರತೆಗೆದಳು. ಬಟ್ಟೆ ಅಂಗಡಿಯವರು, ಐಸ್‌ಕ್ರೀಮಿನವನು, ಸಾಲು ಸಾಲಾಗಿ ಎಲ್ಲರೂ ತೆಗೆದರು. ಕನ್ನಡಕವಿಲ್ಲದವರ ಕೊರಳಲ್ಲೆಲ್ಲ ಕನ್ನಡಕದ ದಾರ. ಗಡಿಯಾರದವರದು ಕರಿಯ ದಾರ, ತುದಿಯಲ್ಲಿ ಅವರ ಭೂತಗನ್ನಡಿ. ನಾನು ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ. ಒಬ್ಬರೂ "ಅಯ್ಯೋ ಪಾಪ" ಅನ್ನಲಿಲ್ಲ. ನಿಮ್ಮಿಂದ ಬದುಕಿದೆ ಎಂದು ಹೇಳಿದೆ, ನೇರವಾಗಿಯೇ ಹೇಳಿದೆ. ಇಷ್ಟು ವರ್ಷ ಒಬ್ಬರಿಗೂ ಹಾಗೆ ಹೇಳಿದ ನೆನಪಿಲ್ಲ.

ಫ್ರೀಜರಿನ ಮೇಲೆ ಯಾರ ಹೆಸರು ಬರೆಯಬೇಕು ಎಂದು ಡಾಕ್ಟರಮ್ಮ ಕೇಳಿದರು. ಯಾರ ಹೆಸರೂ ಬೇಡ, "ಬೋಣಿ" ಎಂದು ಬರೆದರೆ ಸಾಕು ಎಂದು ಎಲ್ಲರೂ ಒಪ್ಪಿದರು. ಬರೆಯುವ ಕೆಲಸ ಬಣ್ಣದ ಯಜಮಾನರಿಗೆ. ಕಮಾನು ತಪ್ಪಿದವರಿಗೆ ಅಷ್ಟಾದರೂ ಬೇಡವೇ.

ಸೆಪ್ಟೆಂಬರ್ 11, ಬುಧವಾರ

ವಿಕಿರಣ ಶುರುವಾಗಿದೆ. ನಿನ್ನೆಯ ಸರದಿ ಮುಗಿದ ಮೇಲೆ ಡಾಕ್ಟರಮ್ಮ ಸಂಶೋಧನೆಯ ಕೋಣೆಗೆ ಕರೆದೊಯ್ದು ಫ್ರೀಜರು ತೋರಿಸಿದರು. ಬಿಳಿಯ ದೊಡ್ಡ ಪೆಟ್ಟಿಗೆ, ಅದರ ಮೇಲೆ ಯಜಮಾನರ ಕೈಬರಹದಲ್ಲಿ ಕೆಂಪು ಬಣ್ಣದ "ಬೋಣಿ". ಬಾಗಿಲು ತೆರೆದರೆ ಹೊಗೆಯಂಥ ತಣ್ಣನೆಯ ಗಾಳಿ. ಒಳಗೆ ಬೆರಳುದ್ದದ ಕೊಳವೆಗಳ ಸಾಲು, ಅದರಲ್ಲೊಂದು ನನ್ನದು. ಮೈಯೊಳಗೆ ಬಿಟ್ಟಿ ಕೂತಿದ್ದ ಪೀಡೆ ಈಗ ನಮ್ಮ ಬೀದಿಯವರು ಕೊಡಿಸಿದ ಮನೆಯಲ್ಲಿ ಕೂತಿದೆ, ಇನ್ನಾದರೂ ದುಡಿದು ಬಾಡಿಗೆ ಕಟ್ಟಲಿ. ಮುಂದೆ ಬರುವ ಯಾರೋ ಹೆಣ್ಣುಮಗಳಿಗೆ ನಾಲ್ಕರ ಬದಲು ಎರಡೇ ಸಾಕಾಗಲಿ ಎಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೇಳಿಕೊಂಡೆ. ಬೆರಳಿಗೆ ತಣುಪು ತಾಕಿತು. ಸ್ಪರ್ಶ ಮರಳುತ್ತಿದೆ.

ಹೊರಬರುವಾಗ ಎಕ್ಸ್‌ರೇ ಕೋಣೆಯ ಬೆಂಚಿನ ಮೇಲೆ ಬಣ್ಣದ ಯಜಮಾನರು ಕಂಡರು. ಒಬ್ಬರೇ. ಫೈಲನ್ನು ಎದೆಗೆ ಮಗುಚಿ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಕೆಲವು ದಿನದಿಂದ ಅವರ ಕೆಮ್ಮು ಗೋಡೆಯಾಚೆಯಿಂದ ಕೇಳುತ್ತಿತ್ತು. ನನ್ನನ್ನು ನೋಡಲಿಲ್ಲ. ನಾನೂ ಮಾತಾಡಿಸದೆ ಕಂಬದ ಮರೆಯಲ್ಲಿ ದಾಟಿ ಬಂದೆ.

ಇವತ್ತು ಬೆಳಿಗ್ಗೆ ಅವರ ಅಂಗಡಿಯಲ್ಲಿ ಅವರ ಹೆಂಡತಿ ಒಬ್ಬರೇ ಕೂತಿದ್ದರು. ಯಜಮಾನರು ನೆಂಟರ ಮದುವೆಗೆ ಹೋಗಿದ್ದಾರೆ ಎಂದರು. ಕಣ್ಣು ಊದಿಕೊಂಡಿತ್ತು. ಬೋಣಿ ಆಯಿತೇ ಎಂದು ಕೇಳಿದೆ. ಇನ್ನೂ ಇಲ್ಲ ಎಂದರು. ಈಗ ಡಬ್ಬಿಯೂ ಇಲ್ಲ, ನಿಯಮವೂ ಇಲ್ಲ. ಆದರೂ ನಾಲ್ಕಿಂಚಿನ ಒಂದು ಬ್ರಷ್ ಕೊಡಿ ಎಂದೆ. ಬಣ್ಣ ಬಳಿಯಲು ನನ್ನಲ್ಲಿ ಒಂದು ಗೋಡೆಯೂ ಇಲ್ಲವೆಂದು ಆಕೆಗೆ ಚೆನ್ನಾಗಿ ಗೊತ್ತು. ಕಾಗದದಲ್ಲಿ ಸುತ್ತಿ, ನನ್ನ ಕೈಯನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡು, ಕೊಟ್ಟರು.

ಯಾರಿಗೂ ಹೇಳಿಲ್ಲ. ನಿನ್ನೆ ಸಂಜೆ ಬೇಕರಿಯವಳೊಬ್ಬಳಿಗೆ ಮಾತ್ರ ಹೇಳಿದ್ದೆ. ಬ್ರಷ್ ಹಿಡಿದು ನಾನು ಬಣ್ಣದ ಅಂಗಡಿಯ ಮೆಟ್ಟಿಲಿಳಿಯುವಾಗ ಗಡಿಯಾರದವರು ಬೀದಿ ದಾಟಿ ಬರುತ್ತಿದ್ದರು. ಯಾವ ಬಣ್ಣ ಕೊಳ್ಳಬೇಕೆಂದು ತೋಚದೆ ಅಂಗಡಿಯ ಬೋರ್ಡನ್ನೇ ನೋಡುತ್ತ ನಿಂತರು.